ಏಳಿಸುವ ಬೆಂಚು

ಹುಲಿಗೆಮ್ಮ ಕುಳಿತ ಕೂಡಲೇ ಬೆಂಚು ಮೆಲ್ಲಗೆ ಮೈಮುರಿದು ಅವಳ ಗೂನುಬೆನ್ನಿಗೆ ತಕ್ಕ ತಗ್ಗು ಮಾಡಿಕೊಟ್ಟಿತು. ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದ ಆ ಬೆಂಚು ಪ್ಲಾಸ್ಟಿಕ್ಕಿನದು. ವಿದ್ಯುತ್ ಹರಿದಾಗ ಅದರ ಉದ್ದುದ್ದ ಅಣುಸರಪಳಿಗಳು ನಮ್ಮ ಸ್ನಾಯುಗಳಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ದಣಿದ ಬೆನ್ನುಗಳಿಗೆ ಆಸರೆಯಾಗಲೆಂದು ಡಾ. ನಾಗವೇಣಿ ಅಳವಂಡಿ ವರ್ಷಗಟ್ಟಲೆ ತಲೆಕೆಡಿಸಿಕೊಂಡು ಕಂಡುಹಿಡಿದ ವಸ್ತು ಅದು.

ಸ್ವಲ್ಪ ಹೊತ್ತಿಗೆ ಅದೇ ಬೆಂಚು ನಡುವೆ ಉಬ್ಬಿ, ಮುಂದಕ್ಕೆ ವಾಲಿ, ಮುದುಕಿಯನ್ನು ನೆಲಕ್ಕೆ ಜಾರಿಸಿತು. ಬಸ್ಸು ಹತ್ತದೆ ಕೂತವರನ್ನು ಏಳಿಸುವುದು ನಿಲ್ದಾಣದ ಗುತ್ತಿಗೆ ಹಿಡಿದ ಕಂಪನಿ ಅದಕ್ಕೆ ಕಲಿಸಿದ ಹೊಸ ವಿದ್ಯೆ. ಹುಲಿಗೆಮ್ಮನ ಗಂಡ ಆಪರೇಷನ್ ಕೋಣೆಯಲ್ಲಿದ್ದ. ನರ್ಸ್ ಗೇಟಿಗೆ ಬಂದು ಕೂಗುವವರೆಗೂ ದೂರ ಹೋಗುವಂತಿಲ್ಲ, ನಿಲ್ಲಲು ಮೊಣಕಾಲು ಕೇಳುವುದಿಲ್ಲ.

ತನ್ನ ಬೆಂಚು ಹೇಗಿದೆಯೆಂದು ನೋಡಲು ಬಂದಿದ್ದ ನಾಗವೇಣಿ ಉರಿದುಹೋದಳು. ಅಲ್ಲೇ ಸುತ್ತಾಡುತ್ತಿದ್ದ ಕಂಪನಿಯ ಸೂಪರ್‌ವೈಸರನನ್ನು ಹಿಡಿದು ನಿಲ್ಲಿಸಿದಳು.

“ಏನ್ರೀ ಇದು?”

“ಮಂದಿ ಇಲ್ಲೇ ಮಲಗತಾರ್ರೀ ಮ್ಯಾಡಂ. ಮೇಲಿನವರ ಆರ್ಡರು. ನನ್ನ ಕೈಯಾಗ ಏನೈತ್ರಿ?”

ನಾಗವೇಣಿಯ ಕೈಯಲ್ಲೂ ಏನೂ ಇರಲಿಲ್ಲ. ಬೆಂಚಿನ ಮಿದುಳಿಗೆ ಕಂಪನಿಯ ಬೀಗವಿತ್ತು. ಆದರೆ ಅದರ ರಟ್ಟೆಯ ಬಲ ಎಷ್ಟೆಂದು ಅವಳಿಗೆ ಗೊತ್ತಿತ್ತು. ಒಬ್ಬಿಬ್ಬರನ್ನು ಎತ್ತೀತು, ಅಷ್ಟೇ.

“ಯವ್ವಾ, ಕುಂದರು,” ಎಂದು ಮುದುಕಿಯನ್ನು ಮತ್ತೆ ಕೂರಿಸಿ ಪಕ್ಕದಲ್ಲಿ ತಾನೂ ಕೂತಳು. ಚಹಾದಂಗಡಿಯತ್ತ ತಿರುಗಿ ಕೂಗಿದಳು: “ಬರ್ರೀ ಎಲ್ಲಾರೂ! ಒತ್ತಿ ಕುಂದರ್ರಿ!”

ಬಾಣಂತಿಯೊಬ್ಬಳ ತಾಯಿ ಬಂದಳು, ಬಾಳೆಹಣ್ಣು ಮಾರುವ ಪೀರಮ್ಮ ಬುಟ್ಟಿಸಮೇತ ಬಂದಳು, ಕಾಲಿಗೆ ಪಟ್ಟಿ ಸುತ್ತಿದ ಲಾರಿ ಡ್ರೈವರ್ ಕುಂಟುತ್ತ ಬಂದ. ಬೆಂಚು ಉಬ್ಬಲು ನೋಡಿತು, ಗುಂಯ್‌ಗುಟ್ಟಿತು, ಬಿಸಿಯಾಯಿತು. ಆಮೇಲೆ ಒಮ್ಮೆ ನಡುಗಿ ಸುಮ್ಮನಾಯಿತು.

“ಕೆಟ್ಟು ಹೊಕ್ಕೈತ್ರೀ ಮ್ಯಾಡಂ!” ಸೂಪರ್‌ವೈಸರ್ ಬಾಯಿ ಬಡಕೊಂಡ.

“ಕೆಡ್ಲಿ. ನಾ ಹಡದ ಕೂಸದು, ನಾನೇ ಬುದ್ಧಿ ಕಲಸ್ತೀನಿ.”

ಗೇಟಿನಲ್ಲಿ ನರ್ಸ್ ಕೂಗಿದಳು: “ಹುಲಿಗೆಮ್ಮಾ! ನಿಮ್ಮ ಯಜಮಾನರಿಗೆ ಎಚ್ಚರಾಗೈತಿ, ಬರ್ರಿ!”

“ಇಲ್ಲೇ ಅದೀನ್ರೀ!” ಮುದುಕಿ ಯಾರೂ ಏಳಿಸದೆ, ತಾನಾಗಿ ಎದ್ದು ಹೋದಳು. ಅವಳ ಜಾಗ ತುಂಬಲು ಇನ್ನೊಬ್ಬರು ಬಂದು ಕೂತರು.

ನಾಗವೇಣಿ ಏಳಲಿಲ್ಲ. ಹುಡುಗಿಯಾಗಿದ್ದಾಗ, ಎರಡು ಸಾವಿರದ ಇಪ್ಪತ್ತೈದರ ಆಸುಪಾಸಿನಲ್ಲಿ, ದಿನಾ ಶಾಲೆಯ ಬಸ್ಸಿಗೆ ಕಾಯುತ್ತಿದ್ದ ನಿಲ್ದಾಣ ನೆನಪಾಯಿತು. ಆಗಿನ ಬೆಂಚುಗಳಿಗೆ ಕರೆಂಟಿರಲಿಲ್ಲ, ಮಿದುಳಿರಲಿಲ್ಲ. ಯಾರೂ ಮೈಚಾಚಬಾರದೆಂದು ನಡುನಡುವೆ ಕಬ್ಬಿಣದ ಪಟ್ಟಿಯನ್ನು ಕಮಾನಾಗಿ ಬಗ್ಗಿಸಿ ಬೆಸೆದಿರುತ್ತಿದ್ದರು, ಅಷ್ಟೇ. ಅವು ಮೊಣಕೈ ಊರಲಿಕ್ಕೆ ಇಟ್ಟವೆಂದೇ ಆಗ ಅವಳು ಅಂದುಕೊಂಡಿದ್ದಳು.