ಸಿದ್ದರಾಜುವಿನ ದಪ್ಪ ತಂತಿ

“ಲೇ ದಿಲೀಪ, ಆ ಗಿಟಾರ್ ಮುಟ್ಟಿದ್ರೆ ಮುಟ್ಕೊ. ದಪ್ಪ ತಂತಿ ಶ್ರುತಿ ಮಾತ್ರ ಇಳಿಸ್ಬ್ಯಾಡ ಕಣ್ಲಾ. ಕೈ ಮುಗೀತೀನಿ.”

ಆರ್ಕೆಸ್ಟ್ರಾ ಚಲುವರಾಜು ಎಂದರೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಗೊತ್ತಿಲ್ಲದವರಿಲ್ಲ. ಅಂಥ ಗಂಡಸು ಹೆತ್ತ ಮಗನ ಮುಂದೆ ನಿಜವಾಗಿಯೂ ಕೈ ಮುಗಿದು ನಿಂತಿದ್ದ. ಮಗ ಏನು ಮಾಡಿದ? ನಕ್ಕ. ಮೈಸೂರಿನ ಸೋದರಮಾವನ ಮನೆಯಲ್ಲಿ ಬೆಳೆದು, ಡಿಗ್ರಿ ಮುಗಿಸಿ, ಎದೆ ಅದುರಿಸುವ ಇಂಗ್ಲಿಷ್ ಕ್ಯಾಸೆಟ್ಟುಗಳ ಚೀಲ ಹೊತ್ತು ಮೊನ್ನೆಯಷ್ಟೇ ಬೂಕನಕೆರೆಗೆ ಬಂದಿಳಿದಿದ್ದವನು.

“ತಂತಿ ಇಳಿಸಿದ್ರೆ ನಿನ್ನ ಉಸಿರು ಇಳಿಯತ್ತಾ ಅಪ್ಪ? ಅದು ಗಿಟಾರೋ, ಸೈಕಲ್ ಪಂಪೋ?”

ಚಲುವರಾಜು ನಗಲಿಲ್ಲ. ಹೇಗೆ ನಕ್ಕಾನು? ಮೂರು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಸಂತೆಬಾಚಹಳ್ಳಿಯ ಸ್ಟೇಜಿನ ಮೇಲೆ ಆ ಎಲೆಕ್ಟ್ರಿಕ್ ಗಿಟಾರ್ ಹಿಡಿದುಕೊಂಡೇ ಅವನ ಆರ್ಕೆಸ್ಟ್ರಾದ ಸಿದ್ದರಾಜು ಸತ್ತಿದ್ದ. ಕುಡಿದು ಬಿದ್ದ ಎಂದು ಚಲುವರಾಜು ಹೇಳಿದ. ಊರು ನಂಬಿತು. ನಂಬದವಳು ಸತ್ತವನ ತಾಯಿ ಸೋಮಮ್ಮ ಒಬ್ಬಳೇ. ಮಗನಿಗೆ ಹಾಲುತುಪ್ಪ ಬಿಟ್ಟ ಮಾರನೆಯ ದಿನ ಅವಳು ಗಿಟಾರನ್ನು ಕೂಸಿನಂತೆ ಸೊಂಟದಲ್ಲಿ ಎತ್ತಿಕೊಂಡು ಬಂದು ಇವರ ಜಗಲಿಯ ಮೇಲೆ ಮಲಗಿಸಿದಳು. ಎರಡೂ ಕೈಯಿಂದ ನೆಟಿಕೆ ಮುರಿದಳು.

“ನನ್ ಮಗ ಎಂಗ್ ಸತ್ತ ಅಂತ ನಾಕ್ ಜನದ ಮುಂದೆ ನೀನೇ ಬಾಯ್ಬುಟ್ಟು ಯೋಳು. ಅಲ್ಲೀಗಂಟ ಈ ದಪ್ಪ ತಂತಿ ಇಳೀದಂಗೆ ಕಾಯ್ಕೊ. ಇದಿಳಿದ್ರೆ ನಿನ್ ದನಿ ಇಳೀತದೆ. ದನಿ ಇಂದೆ ಉಸ್ರೂ ಇಳೀತದೆ.”

ಚಲುವರಾಜು ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ವಾರ ತಪ್ಪದೆ ಗಿಟಾರನ್ನು ಬಚ್ಚಿಟ್ಟ ಹಿತ್ತಲ ಹಳೆಯ ಆಲೆಮನೆಗೆ ಹೋಗಿ, ಹಾರ್ಮೋನಿಯಂ ಒತ್ತಿ, ಬಿರಡೆ ತಿರುವಿ, ತಂತಿಯನ್ನು ಇದ್ದ ಶ್ರುತಿಗೇ ಏರಿಸಿ ಬರುತ್ತಿದ್ದ. ಗಿಟಾರನ್ನು ಸುಡಲು ಭಯ, ಮುರಿಯಲು ಭಯ. ಕೆರೆಗೆ ಎಸೆದರೆ ತಂತಿ ತುಕ್ಕು ಹಿಡಿದು ಹರಿದೀತೆಂಬ ಭಯ. ನಿಜ ಹೇಳಿಬಿಟ್ಟಿದ್ದರೆ ಒಂದು ಗಳಿಗೆಯ ಕೆಲಸ. ಆದರೆ ಮಾನ ಎಂಬುದೊಂದಿದೆಯಲ್ಲ, ಹಾಳಾದ್ದು! ಅದರ ಮೇಲೆ ಮಗಳು ಪ್ರಮೀಳಾಳ ಮದುವೆ ಬೇರೆ ನಾಗಮಂಗಲದ ಕಡೆಗೆ ನಿಶ್ಚಯವಾಗಿತ್ತು.

ಮರುದಿನ ಮಧ್ಯಾಹ್ನ ಅಪ್ಪ ಉಂಡು ಮಲಗಿದ ಹೊತ್ತು ನೋಡಿ ದಿಲೀಪ ಆಲೆಮನೆಗೆ ಹೋದ.

ಗಾಣ ನಿಂತು ಎಷ್ಟೋ ವರ್ಷವಾಗಿದ್ದರೂ ಗೋಡೆಗಳಲ್ಲಿ ಸೀದ ಬೆಲ್ಲದ ವಾಸನೆ ಉಳಿದಿತ್ತು. ಬಾವಲಿ ಹಿಕ್ಕೆ, ಒದ್ದೆ ಬೂದಿ, ಮೂಲೆಯಲ್ಲಿ ಪೇರಿಸಿದ ಸ್ಪೀಕರು ಡಬ್ಬಗಳು. ಅವನ ಕ್ಯಾಸೆಟ್ಟಿನವರು ಬಾರಿಸುವ ಆ ಗುಡುಗಿನಂಥ ನಾದ ಬೇಕಾದರೆ ತಂತಿಗಳನ್ನು ತುಂಬಾ ಕೆಳಕ್ಕೆ ಇಳಿಸಬೇಕು. ಇದ್ದ ತಂತಿಯನ್ನೇ ಇಳಿಸಿದರೆ ಜೋಲಾಡಿ ಗರಗರ ಎನ್ನುತ್ತದೆ. ಅದಕ್ಕೇ ದಪ್ಪನೆಯ ಹೊಸ ತಂತಿಗಳನ್ನು ತಂದಿದ್ದ. ಹಳೆಯದನ್ನು ಒಂದೊಂದೇ ಬಿಚ್ಚಿ ಹೊಸದು ಹಾಕಿದ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಸೀಳುಗಳನ್ನು ಸೂಜಿಯಂಥ ಅರದಿಂದ ಉಜ್ಜಿ ಅಗಲಿಸಿದ. ಕತ್ತು ಬಾಗದಂತೆ ಒಳಗಿನಿಂದ ಹಿಡಿದಿಡುವ ಸರಳನ್ನು ಸ್ವಲ್ಪ ಸಡಿಲಿಸಿದ. ಬುಡದಲ್ಲಿ ತಂತಿಗಳನ್ನು ಹೊರುವ ಕುದುರೆಯ ತುಂಡುಗಳನ್ನು ಹಿಂದಕ್ಕೆ ಸರಿಸಿದ. ಕೆಲಸ ಬಲ್ಲ ಹುಡುಗ, ಅದರಲ್ಲಿ ಎರಡು ಮಾತಿಲ್ಲ.

ಕೊನೆಗೆ ಉಳಿದದ್ದು ಆರನೆಯ ದಪ್ಪ ತಂತಿ. ಅದರ ಬಿರಡೆಗೆ ತಂತಿಯ ಜೊತೆಗೇ ಕೂದಲು ಸುತ್ತಿತ್ತು. ಸುಟ್ಟು ಮುರುಟಿದ ಕೂದಲು. ಕಿತ್ತರೆ ಬರಲಿಲ್ಲ. “ಥೂ” ಎಂದು ತಂತಿಯನ್ನಷ್ಟೇ ಬಿಚ್ಚಿದ. ಮನೆಯ ಕಡೆಯಿಂದ ಯಾರೋ ಬಿಕ್ಕಿದ ಸದ್ದು ಬಂತು. ದಿಲೀಪ ತಲೆ ಎತ್ತಲಿಲ್ಲ. ಆ ಕೂದಲಿನ ಮೇಲೆಯೇ ಹೊಸ ತಂತಿ ಸುತ್ತಿ, ತನಗೆ ಬೇಕಾದಷ್ಟು ತಗ್ಗಿಗೆ ಶ್ರುತಿ ಮಾಡಿದ.

ಅಷ್ಟರಲ್ಲಿ ಸಂಜೆಯಾಗಿತ್ತು. ಕರೆಂಟು ಹೋಯಿತು. ಒಳಗೆಲ್ಲ ಕತ್ತಲು ತುಂಬಿತು. ಕತ್ತಲಲ್ಲೇ ಅವನು ದಪ್ಪ ತಂತಿಯನ್ನು ಮೀಟಿದ.

ನಾದ ನಿಲ್ಲಲಿಲ್ಲ. ತಂತಿಯ ಮೇಲೆ ಅಂಗೈ ಒತ್ತಿದ. ಆಗಲೂ ನಿಲ್ಲಲಿಲ್ಲ. ನಾದ ತಂತಿಯಿಂದ ಬರುತ್ತಿರಲಿಲ್ಲ. ಮೂಲೆಯ ಸ್ಪೀಕರಿನಿಂದ ಬರುತ್ತಿತ್ತು. ವೈರಿಲ್ಲದ ಸ್ಪೀಕರು. ಬೆಲ್ಲದ ವಾಸನೆ ಹೋಗಿ ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಚರ್ಮದ್ದು. ಗುಂಯ್ ಎನ್ನುತ್ತಿದ್ದುದು ಮೆಲ್ಲಗೆ ಮಾತಾಯಿತು.

“ತಂತಿ ಕಚ್ತಾ ಅದೆ ಅಣ್ಣ... ಕೈ ಬುಡ್ತಾ ಇಲ್ಲ... ಆಫ್ ಮಾಡ್ಸಣ್ಣ...”

ದಿಲೀಪನ ಬೆರಳು ತಂತಿಗೆ ಅಂಟಿತು. ಎಳೆದ. ಬರಲಿಲ್ಲ. ಮತ್ತೆ ಎಳೆದ. ಚರ್ಮ ಕಿತ್ತು ಬಂತು. ಅದೇ ಹೊತ್ತಿಗೆ ಮನೆಯೊಳಗಿಂದ ಅವನ ಅಮ್ಮ ಜಯಲಕ್ಷ್ಮಮ್ಮ ಚೀರಿದಳು.

“ಅಯ್ಯಯ್ಯೋ, ದಿಲೀಪ! ನಿಮ್ಮಪ್ಪಂಗೇನೋ ಆಗೋಯ್ತು, ಬಾರ್ಲಾ!”

ಚಲುವರಾಜು ನಡುಮನೆಯ ಚಾಪೆಯ ಮೇಲೆ ಬಿದ್ದಿದ್ದ. ತುಟಿ ಅಲುಗುತ್ತಿತ್ತು. ಬರುತ್ತಿದ್ದುದು ಮನುಷ್ಯರ ದನಿಯಲ್ಲ. ಮಣ್ಣಿನ ಗೋಡೆ ಅದುರುವಂಥ ಸದ್ದು. ತಾನು ಮೀಟಿದ ಅದೇ ತಗ್ಗು ಶ್ರುತಿ. ದಿಲೀಪ ಆಲೆಮನೆಗೆ ಓಡಿದ. ಗಿಟಾರನ್ನು ಅಪ್ಪನ ಪಕ್ಕಕ್ಕೇ ತಂದ. ಬಿರಡೆ ತಿರುವಿದ. ಅಪ್ಪನ ದನಿ ಒಂದು ಕೂದಲೆಳೆಯಷ್ಟು ಏರಿತು. ಎದೆಗೂಡು ಉಬ್ಬಿತು. ಇನ್ನೊಂದು ಸುತ್ತು ತಿರುವಿದ.

ಆದರೆ ಅದು ಕೆಳಗಿನ ಶ್ರುತಿಗೆಂದು ಹಾಕಿದ ತಂತಿ, ಹಳೆಯದಕ್ಕಿಂತ ಎಷ್ಟೋ ದಪ್ಪ. ಸರಳನ್ನೂ ತಾನೇ ಸಡಿಲಿಸಿಟ್ಟಿದ್ದಾನೆ. ಕತ್ತು ಲಟಲಟ ಎಂದಿತು. ಮರ ಬಾಗಿತು. ಇನ್ನು ಸ್ವಲ್ಪ. ಇನ್ನು ಸ್ವಲ್ಪವೇ ಸ್ವಲ್ಪ. ಅಪ್ಪ ಕಣ್ಣು ಬಿಟ್ಟ. “ನಾ...” ಎಂದ. ಅಷ್ಟರಲ್ಲಿ ಗಿಟಾರಿನ ಕತ್ತು ಮಧ್ಯಕ್ಕೆ ಸೀಳಿತು. ತಂತಿ ಜೋಲಿತು. ಅಪ್ಪನ ದನಿ ಮೊದಲಿಗಿಂತಲೂ ಕೆಳಕ್ಕೆ ಬಿತ್ತು.

ಬೆಳಿಗ್ಗೆ ಹೊತ್ತಿಗೆ ಮನೆ ತುಂಬಾ ಜನ. ಡಾಕ್ಟರು ಲಕ್ವ ಎಂದು ಹೇಳಿ, ಮೈಸೂರಿಗೆ ಬರೆದುಕೊಟ್ಟು ಹೋಗಿದ್ದರು. ನಾಗಮಂಗಲದಿಂದ ಬೀಗರಾಗುವವರೂ ಬಂದು ಕಂಬಕ್ಕೊರಗಿ ಕೂತಿದ್ದರು. ಜಯಲಕ್ಷ್ಮಮ್ಮ ಯಾರ ಮಾತನ್ನೂ ಕೇಳದೆ ಬರಿಗಾಲಲ್ಲಿ ಹೋಗಿ ಸೋಮಮ್ಮನ ಕಾಲು ಹಿಡಿದು ಕರೆತಂದಳು.

ಸೋಮಮ್ಮ ಮುರಿದ ಗಿಟಾರನ್ನು ನೋಡಿದಳು. ಚಲುವರಾಜುವಿನ ಪಕ್ಕ ಕೂತು ಅವನ ಬಾಯಿಗೆ ಕಿವಿ ಇಟ್ಟಳು. ಅವನು ಕಣ್ಣಲ್ಲಿ ನೀರು ಸುರಿಸುತ್ತ ಏನೋ ಹೇಳುತ್ತಲೇ ಇದ್ದ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ.

“ಮನೆಹಾಳ, ಎಂತಾ ಕೆಲ್ಸ ಮಾಡ್ಬುಟ್ಯೋ!” ಅವಳು ದಿಲೀಪನ ಮೇಲೆ ಹಾಯ್ದಳು. “ಇಳಿಸ್ಬ್ಯಾಡಿ ಅಂದಿದ್ ಯಾಕ್ಲಾ? ಯೋಳೋಕೆ ಬಾಯಿ ಉಳೀಲಿ ಅಂತ ಕಣ್ಲಾ! ಮೂರೊರ್ಸ ಕಾದಿವ್ನಿ, ಈ ಒಂದ್ ಮಾತ್ಗೆ!”

ಏದುಸಿರು ಬಿಟ್ಟು, ದನಿ ತಗ್ಗಿಸಿದಳು.

“ಆ ಸುರುತಿ ಕೂರ್ಸಿದೋನು ನೀನು. ನಿನ್ ಕಿವೀಗ್ ತಿಳೀತದೆ. ಏನಂತಾವ್ನೆ? ಇದ್ದದ್ದ್ ಇದ್ದಂಗೆ ನಾಕ್ ಜನ ಕೇಳಂಗೆ ಯೋಳು. ಈಗ್ಲೇ ಕಟ್ಟು ಬಿಚ್ತೀನಿ. ನಿಮ್ಮಪ್ಪ ಎದ್ದು ಕೂತ್ಕತಾನೆ.”

ದಿಲೀಪ ಬಗ್ಗಿದ. ಅವನಿಗೆ ತಿಳಿಯಿತು. ಒಂದೊಂದು ಮಾತೂ ತಿಳಿಯಿತು.

ಕಂಬದ ತಂತಿಗೆ ಕೊಕ್ಕೆ ಹಾಕ್ಸಿ ಕರೆಂಟ್ ಎಳಿಸ್ದೋನು ನಾನೇ. ಗಿಟಾರ್ ತಂತಿ ಕಚ್ತದೆ ಅಂದ ಸಿದ್ದರಾಜು. ಸುಮ್ನೆ ಬಾರ್ಸ್ಲಾ ಅಂದೆ. ಕುಡ್ದಿರ್ನಿಲ್ಲ ಅವ್ನು. ಯೋಳ್ಬುಡು ಮಗ.

ದಿಲೀಪ ತಲೆ ಎತ್ತಿದ. ಬೀಗರು ನೋಡುತ್ತಿದ್ದರು. ಬಾಗಿಲಲ್ಲಿ ಅಕ್ಕ ಪ್ರಮೀಳಾ ನೋಡುತ್ತಿದ್ದಳು. ಮೈಸೂರಿನ ಆಸ್ಪತ್ರೆ ಇದೆ, ಕಾರು ಬರುತ್ತಿದೆ, ಈ ಮುದುಕಿಯ ಮಾತು ಕಟ್ಟಿಕೊಂಡು ಮನೆಯ ಮಾನ ಕಳೆಯುವುದೇ? ಓದಿದ ತಲೆ ಅಷ್ಟು ಹೊತ್ತಿನಲ್ಲೂ ಲೆಕ್ಕ ಹಾಕಿತು.

“ಸಿದ್ದರಾಜಣ್ಣ ಕುಡಿದಿದ್ದ ಅಂತಿದಾರೆ,” ಎಂದ.

ಚಲುವರಾಜು ಮಗನನ್ನೇ ನೋಡಿದ. ತುಟಿ ನಿಂತಿತು. ಎದೆ ಒಮ್ಮೆ ಇಳಿಯಿತು, ಮತ್ತೆ ಏರಲಿಲ್ಲ.

ಸೋಮಮ್ಮ ಮುರಿದ ಗಿಟಾರಿನ ಬಿರಡೆಯಿಂದ ಆ ಕೂದಲನ್ನು ಉಗುರಿನಿಂದ ಬಿಡಿಸಿದಳು. ಅದು ಅವಳ ಕೈಗೆ ಸಲೀಸಾಗಿ ಬಂತು. ದಿಲೀಪನ ರಕ್ತ ಬಸಿಯುತ್ತಿದ್ದ ಬೆರಳಿಗೆ ಅದನ್ನು ಸುತ್ತಿ, “ಇಟ್ಕೊ ಮಗ” ಎಂದು ಎದ್ದು ಹೋದಳು.

ಜಯಲಕ್ಷ್ಮಮ್ಮ ಗಂಡನ ಮೇಲೆ ಬಿದ್ದು ಗೋಳಿಟ್ಟಳು. ದಿಲೀಪ “ಅಪ್ಪಾ” ಎಂದ. ಗೋಡೆ ಅದುರಿತು. ಗಂಟಲು ಹಿಡಿದುಕೊಂಡ. ಮತ್ತೆ ಕೂಗಿದ. ಅದೇ ಸದ್ದು. ಬೀಗರ ಕಾಲಿಗೆ ಬಿದ್ದ. ಕೊಕ್ಕೆ, ಕಂಬ, ಕಚ್ಚಿದ ತಂತಿ, ಸುಮ್ಮನೆ ಬಾರಿಸು ಎಂದದ್ದು, ತಾನು ಈಗಷ್ಟೇ ಹೇಳಿದ ಸುಳ್ಳು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಮತ್ತೆ ಮೊದಲಿನಿಂದ ಹೇಳಿದ.

“ಪಾಪ, ಅಪ್ಪ ಅಂದ್ರೆ ಎಷ್ಟ್ ಜೀವ ನೋಡಿ,” ಎಂದರು ಬೀಗರು, ಅವನ ಬೆನ್ನು ಸವರುತ್ತ. “ಎಂಗೆ ನರಳ್ತಾ ಅವ್ನೆ.”