ಅಜ್ಜಿಯ ಸೀರೆಗಳೆಲ್ಲ ಎಲ್ಲಿ ಹೋದವು?

“ಇಷ್ಟೇನಾ?” ಜಲಜ ಟ್ರಂಕಿನೊಳಗೆ ತಲೆ ತೂರಿಸಿ ಕೇಳಿದಳು. ನುಸಿಗುಳಿಗೆಯ ವಾಸನೆ ಬಿಟ್ಟರೆ ಒಳಗೆ ಇದ್ದದ್ದು ಎರಡೇ ಎರಡು ಸೀರೆ!

“ಇಷ್ಟೇ ಅದಾವ ನೋಡವ್ವ,” ಅಂದಳು ಅವ್ವ.

ಕೌದಿ ಹೊಲಿಯುವ ಕೆಂಚಕ್ಕ ಸೂಜಿ, ದಾರ ಹಿಡಿದು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸೀರೆ ನೋಡಿ ನಕ್ಕೇಬಿಟ್ಟಳು. “ಇದರಾಗ ಎಲ್ಲಿ ಕೌದಿ ಆಕ್ಕೈತಿ? ಗೊಂಬಿಗೆ ಹೊದಿಸ್ಬೇಕು ಅಷ್ಟೇ.”

ಜಲಜಳ ಮುಖ ಸಣ್ಣದಾಯಿತು. ಶಿವಬಸಮ್ಮಜ್ಜಿ ತೀರಿಕೊಂಡು ಒಂದು ತಿಂಗಳಾಗಿತ್ತು. ಬುದ್ಧಿ ಬಂದಾಗಿನಿಂದ ಜಲಜ ಮಲಗಿದ್ದು ಅಜ್ಜಿಯ ಪಕ್ಕದಲ್ಲೇ. ಈಗ ಆ ಜಾಗದಲ್ಲಿ ದಿಂಬು ಇಟ್ಟುಕೊಂಡೂ ನೋಡಿದ್ದಳು. ದಿಂಬು ಕತೆ ಹೇಳುತ್ತದೆಯೇ, ಬೆನ್ನು ತುರಿಸುತ್ತದೆಯೇ? ಅಜ್ಜಿಯ ಸೀರೆಗಳ ಕೌದಿ ಹೊದ್ದರೇನೇ ನಿದ್ದೆ ಬರೋದು ಅಂತ ಹಟ ಹಿಡಿದು ಕೆಂಚಕ್ಕನನ್ನು ಕರೆಸಿದವಳೇ ಅವಳು.

ಅಲ್ಲಾ, ಅಜ್ಜಿ ಟೀಚರ್! ಯುಗಾದಿಗೊಂದು, ದೀಪಾವಳಿಗೊಂದು ಅಪ್ಪನೇ ಸೀರೆ ತರುತ್ತಿದ್ದ. ಅವೆಲ್ಲ ಏನು ಗಾಳಿಗೆ ಹಾರಿ ಹೋದವೇ?

“ನಿಮ್ಮಜ್ಜಿದು ದೊಡ್ಡ ಕೈ. ಯಾರಿಗೆ ಕೊಟ್ಟಾರೋ ಏನೋ,” ಅಂದಳು ಅವ್ವ.

“ಅದೇ, ಯಾರಿಗೆ?”

“ನನಗೇನು ಗೊತ್ತು? ಸುಮ್ಮನ ನನ್ನ ತಲಿ ತಿನ್ನಬ್ಯಾಡ.”

ಆದರೆ ಜಲಜಳದು ಉಡದ ಪಟ್ಟು. ಒಂದು ಪ್ರಶ್ನೆ ಹಿಡಿದಳೆಂದರೆ ಮುಗಿಯಿತು. ಶನಿವಾರ ಅಪ್ಪ ಅಜ್ಜಿಯ ಛತ್ರಿ, ಕನ್ನಡಕ ತರಲು ಅಜ್ಜಿ ಕಲಿಸುತ್ತಿದ್ದ ಶಾಲೆಗೆ ಹೊರಟಾಗ ಇವಳೂ ತನ್ನ ಕ್ಲಾಸಿಗೆ ಚಕ್ಕರ್ ಹೊಡೆದು ಬಸ್ ಹತ್ತಿದಳು.

ಹರಪನಹಳ್ಳಿಯಿಂದ ತೆಲಿಗಿಯವರೆಗೆ ಬಸ್ಸು. ಅಲ್ಲಿಂದ ಜೋಳದ ಹೊಲಗಳ ನಡುವೆ ನಡಿಗೆಯೋ ನಡಿಗೆ. ಅಜ್ಜಿ ದಿನಾ ಇಷ್ಟು ದೂರ ನಡೆಯುತ್ತಿದ್ದಳಾ? ಮನೆಗೆ ಬಂದು ಒಂದು ದಿನವೂ ಕಾಲುನೋವು ಅಂದವಳಲ್ಲ.

ಸಣ್ಣ ಊರು, ಸಣ್ಣ ಶಾಲೆ. ಅಪ್ಪ ಅಲ್ಲಿನ ಹನುಮಣ್ಣ ಮೇಷ್ಟ್ರ ಜೊತೆ ಮಾತಾಡುತ್ತಾ ಒಳಗೆ ಹೋದ. ಜಲಜ ಮಾತ್ರ ಪಡಸಾಲೆಯಲ್ಲಿ ನಿಂತಲ್ಲೇ ನಿಂತಳು. ತೊಲೆಯಿಂದ ಸೀರೆಯ ಜೋಲಿಗಳು ಇಳಿಬಿದ್ದಿದ್ದವು! ಒಂದೊಂದರಲ್ಲೂ ಒಂದೊಂದು ಕೂಸು. ಒಂದು ಜೋಲಿ ಹಸಿರು, ಕೆಂಪಂಚಿನದು. ಅದನ್ನು ಉಟ್ಟುಕೊಂಡೇ ಅಲ್ಲವೇ ಕಳೆದ ಯುಗಾದಿಯಲ್ಲಿ ಅಜ್ಜಿ ಬೇವು ಬೆಲ್ಲ ಹಂಚಿದ್ದು?

ಆ ಜೋಲಿಗೆ ಕಟ್ಟಿದ ಹಗ್ಗ ಕಿಟಕಿಯೊಳಗೆ ತೂರಿ ಹೋಗಿತ್ತು. ಇಣುಕಿ ನೋಡಿದರೆ, ಹಗ್ಗದ ಇನ್ನೊಂದು ತುದಿ ಒಬ್ಬ ಹುಡುಗಿಯ ಕಾಲಿನ ಹೆಬ್ಬೆರಳಿಗೆ! ಅವಳ ಕೈ ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿತ್ತು, ಕಾಲು ಜೋಲಿ ತೂಗುತ್ತಿತ್ತು.

“ಇದೇನಿದು?” ಜಲಜ ಒಳಗೆ ಹೋಗಿ ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದಳು.

“ಕಾಣಲ್ಲೇನು? ನನ್ನ ತಮ್ಮ. ಮೆಲ್ಲಕ ಮಾತಾಡು, ಎದ್ರ ಊರು ಒಂದು ಮಾಡ್ತಾನ,” ಅಂದಳು ಹುಡುಗಿ. ಅವಳ ಹೆಸರು ಗಾದೆಮ್ಮ.

“ಸಾಲಿಗೆ ಯಾರಾದ್ರೂ ಕೂಸು ತರ್ತಾರೇನು?”

“ನಮ್ಮವ್ವ ಕೂಲಿಗೆ ಹೊಕ್ಕಾಳ. ಇವನ್ನ ಕಾಯ್ಕೊಂತ ನಾನು ಮನ್ಯಾಗ ಕುಂತಿದ್ದೆ. ಶಿವಬಸಮ್ಮ ಟೀಚರ್ ಬಂದು, ಸಾಲಿಗೆ ಯಾಕ ಬರವಲ್ಲೆ ಅಂದ್ರು. ಕೂಸು ಯಾರು ನೋಡ್ಬೇಕ್ರಿ ಅಂದೆ. ಅವನ್ನೂ ಕರ್ಕೊಂಡು ಬಾ, ಅವಂಗೂ ಹಾಜರಿ ಹಾಕ್ತೀನಿ ಅಂದ್ರು!” ಗಾದೆಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. “ಜೋಲಿ ಹರಿದ್ರ ಮನಿಯಿಂದ ಇನ್ನೊಂದು ಸೀರಿ ತರೋರು. ನಮಗ ಪರೀಕ್ಷಿ ಇದ್ರ ಹಗ್ಗ ಎಲ್ಲಾ ತಮ್ಮ ಕಾಲಿಗೇ ಕಟ್ಕೊಳ್ಳೋರು. ಎರಡೂ ಕಾಲು ಅಲ್ಲಾಡಿಸ್ಕೊಂತ ಪ್ರಶ್ನಿ ಓದೋರು!”

ಜಲಜಳಿಗೆ ನಗು ಉಕ್ಕಿತು. ಮನೆಯಲ್ಲೂ ಅಜ್ಜಿ ಕುಳಿತಲ್ಲಿ ಕಾಲು ಅಲ್ಲಾಡಿಸುತ್ತಿದ್ದಳು. ಇದೆಂಥ ಚಟ ಅಜ್ಜಿ ಅಂತ ಇವಳು ಎಷ್ಟು ಸಲ ಬೈದಿದ್ದಳೋ! ತನಗೆ ಗೊತ್ತಿಲ್ಲದ ಅಜ್ಜಿ ಈ ಹುಡುಗಿಗೆ ಗೊತ್ತಲ್ಲ ಅಂತ ಒಂಚೂರು ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಛತ್ರಿ ಹಿಡಿದುಕೊಂಡು ಅಪ್ಪ ಬಂದ. ಹಿಂದೆಯೇ ಮೇಷ್ಟ್ರು.

“ಇವೆಲ್ಲಾ ನಿಮ್ಮ ತಾಯಾರ ಸೀರಿ ನೋಡ್ರಿ. ನೆನಪಿಗೆ ಬೇಕಂದ್ರ ಬಿಚ್ಚಿಸಿ ಕೊಡ್ತೀನ್ರಿ,” ಅಂದರು ಮೇಷ್ಟ್ರು.

ಅಪ್ಪ ಜಲಜಳ ಕಡೆ ತಿರುಗಿದ. “ನಿನ್ನ ಕೌದಿಗೆ ಸಾಕಾಗ್ತಾವಲ್ಲವ್ವ. ಒಯ್ಯೋಣೇನು?”

ಗಾದೆಮ್ಮನ ಬಳಪ ನಿಂತಿತು. ಯಾರೂ ಹೇಳದಿದ್ದರೂ ಹೆಬ್ಬೆರಳಿನ ಗಂಟು ಬಿಚ್ಚಿ, ಸ್ಲೇಟು ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. “ತಗೋರಿ. ಸೋಮವಾರದಿಂದ ನಾನು ಮನ್ಯಾಗ ಇರ್ತೀನಿ.”

ತೂಗುವುದು ನಿಂತಿದ್ದೇ ತಡ, ಜೋಲಿಯೊಳಗಿನ ಕೂಸು ಗಂಟಲು ಹರಿಯುವಂತೆ ಅಳಲು ಶುರುಮಾಡಿತು.

ಜಲಜ ಹೊರಗೆ ಓಡಿ ಹಸಿರು ಸೀರೆಗೆ ಮೂಗು ಒತ್ತಿದಳು. ಅಜ್ಜಿಯ ವಾಸನೆ ಇರಲಿಲ್ಲ. ಹಾಲು, ಉಚ್ಚೆ, ಎಣ್ಣೆಯ ವಾಸನೆ. ಆದರೂ ಆ ಸೀರೆ ಬೇಕೇ ಬೇಕು ಅನಿಸಿತು. ಬಿಚ್ಚಿ ಎದೆಗೆ ಅವುಚಿಕೊಂಡು ಮನೆಗೆ ಓಡಿಬಿಡಬೇಕು ಅನಿಸಿತು. ಕೂಸಿನ ಅಳು ಇನ್ನೂ ಜೋರಾಯಿತು. ಗಾದೆಮ್ಮ ಬಾಗಿಲಲ್ಲಿ ನಿಂತು ಯಾರ ಮುಖವನ್ನೂ ನೋಡದೆ ಉಗುರು ಕಚ್ಚುತ್ತಿದ್ದಳು.

ಜಲಜ ಒಳಗೆ ಹೋಗಿ ಕಿಟಕಿಯ ಕೆಳಗೆ ಕಾಲು ಚಾಚಿ ಕುಳಿತಳು.

“ಹಗ್ಗ ಇಲ್ಲಿ ಕಟ್ಟು,” ಅಂದಳು. “ನಿನ್ನ ಲೆಕ್ಕ ಮುಗಿಸು ಹೋಗು.”

ಮೊದಲು ಜೋರಾಗಿ ಎಳೆದುಬಿಟ್ಟಳು. “ಅಯ್ಯೋ, ಮೆಲ್ಲಕ!” ಅಂತ ಗಾದೆಮ್ಮ ಕೂಗಿದಳು. ಆಮೇಲೆ ನಿಧಾನಕ್ಕೆ ಕಾಲಿಗೆ ಲಯ ಸಿಕ್ಕಿತು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

ಅಪ್ಪ ಕಿಟಕಿಯಲ್ಲಿ ಬಗ್ಗಿದ. “ಬಸ್ಸಿಗೆ ಹೊತ್ತಾತು ಜಲಜಾ. ಸೀರಿ ಬಿಚ್ಚಿಸ್ಲೇನವ್ವ?”

ಜಲಜ ತುಟಿಯ ಮೇಲೆ ಬೆರಳಿಟ್ಟಳು.

“ಶ್! ಈಗಷ್ಟ ಮಲಗ್ಯಾನಪ್ಪ.”