ಕಾರ್ಡಿನ ಅಂಚಿನ ಕಚ್ಚು

"ಇದನ್ನ ಬರೆದವರು ಯಾರು? ಸ್ವಲ್ಪ ಕರೀರಿ ಅವರನ್ನ."

ಟಿಕೆಟ್ ಕೌಂಟರಿನ ಹೆಂಗಸು ತಲೆಯೆತ್ತಿ ನೋಡಿದಳು. ಎದುರಿಗೆ ನಿಂತಿದ್ದವರು ಶಾಲೆಯೊಂದರ ಹೆಡ್‌ಮೇಡಂ. ನಿವೃತ್ತಿಗೆ ಏಳು ತಿಂಗಳು ಉಳಿದಿರುವಾಗ, ಹೊಸ ಹಾಜರಾತಿ ಆ್ಯಪ್ ಕಲಿಯಲೆಂದು ಮೂರು ದಿನದ ತರಬೇತಿಗೆ ಈ ನಗರಕ್ಕೆ ಬಂದವರು. ಬೆಳಗಿನ ಬಿಡುವಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ನೋಡಿಬರೋಣವೆಂದು ಹೊರಟು ಆಗಲೇ ಎರಡು ಕಡೆ ಅಲೆದಿದ್ದರು. ಒಂದೆಡೆ, ಅಂಗಡಿಯ ಮಹಡಿಯಲ್ಲಿ, ಹಳೆಯ ಗೇಮುಗಳ ಸರದಿಗಾಗಿ ನಡುವಯಸ್ಸಿನ ಗಂಡಸರು ಮಕ್ಕಳಂತೆ ಜಗಳವಾಡುತ್ತಿದ್ದರು. ಇನ್ನೊಂದೆಡೆ, ಕಾಲೇಜಿನ ಕಾರಿಡಾರಿನಲ್ಲಿ, ಕೋಣೆಯಷ್ಟು ದೊಡ್ಡ ಯಂತ್ರವೊಂದು ಗಾಜಿನ ಹಿಂದೆ ಧೂಳು ತಿನ್ನುತ್ತಿತ್ತು. ಮೂರನೆಯದು ಹಳೆಯ ಗೋದಾಮಿನ ಈ ಮ್ಯೂಸಿಯಂ. ಸೋತ ಕಾಲುಗಳು ಕುರ್ಚಿ ಬೇಡುತ್ತಿದ್ದವು. ಅಷ್ಟರಲ್ಲಿ ಆ ಫಲಕ ಕಣ್ಣಿಗೆ ಬಿದ್ದಿತ್ತು.

'ಪರಿಶೀಲನಾ ಯಂತ್ರ. ಕಾರ್ಡಿನಲ್ಲಿನ ತಪ್ಪುಗಳನ್ನು ಈ ಯಂತ್ರ ತಾನಾಗಿಯೇ ಪತ್ತೆ ಹಚ್ಚುತ್ತಿತ್ತು.'

ತಾನಾಗಿಯೇ ಅಂತೆ. ಶಾಲೆಯ ಕೆಲಸ ಸಿಗುವ ಮುನ್ನ, ಇಪ್ಪತ್ತಮೂರರ ವಯಸ್ಸಿನಲ್ಲಿ, ಜನಗಣತಿ ಕಚೇರಿಯಲ್ಲಿ ಅವರು ಎರಡು ವರ್ಷ ಇಂಥದೇ ಯಂತ್ರದ ಮುಂದೆ ಕೂತಿದ್ದರು. ಒಬ್ಬರು ಹಾಳೆ ನೋಡಿ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಅದೇ ಹಾಳೆ ನೋಡಿ ಅದೇ ಕೀಗಳನ್ನು ಇವರು ಎರಡನೆಯ ಸಲ ಒತ್ತಬೇಕಿತ್ತು. ಎರಡೂ ತಾಳೆಯಾದರೆ ಯಂತ್ರ ಕಾರ್ಡಿನ ಬಲ ಅಂಚಿನಲ್ಲಿ ಸಣ್ಣದೊಂದು ಕಚ್ಚು ಕತ್ತರಿಸುತ್ತಿತ್ತು. ಸರಿ ಇದೆ ಎಂಬುದಕ್ಕೆ ಅದೇ ಗುರುತು. ದಿನಕ್ಕೆ ಸಾವಿರ ಕಾರ್ಡು. ಚಳಿ ಬಿದ್ದರೆ ಬೆರಳ ಸಂದು ಈಗಲೂ ನೋಯುತ್ತದೆ. ದುಡಿದ ಕೈಯನ್ನು ಅಳಿಸಿ ಯಂತ್ರಕ್ಕೆ ಕೀರ್ತಿ ಕಟ್ಟುವುದು ಅವರ ದೃಷ್ಟಿಯಲ್ಲಿ ಮರೆವಲ್ಲ, ಕಳವು. ಸುಳ್ಳಿಗೆ ಚೌಕಟ್ಟು ಹಾಕಿದ ಮಾತ್ರಕ್ಕೆ ಅದು ಚರಿತ್ರೆಯಾಗುವುದಿಲ್ಲ.

"ಬರೆದವರು ಒಳಗೆ ರಿಪೇರಿ ಮಾಡ್ತಿದಾರೆ ಮೇಡಂ, ಕರೀತೀನಿ. ನೀವು ಕೂತ್ಕೊಳ್ಳಿ."

"ನಿಂತೇ ಇರ್ತೀನಿ. ಕೂತರೆ ಸಿಟ್ಟು ಇಳಿದುಬಿಡುತ್ತೆ."

ಕನ್ನಡಕವನ್ನು ಹಣೆಗೇರಿಸಿಕೊಂಡು, ಕೈಯ ಎಣ್ಣೆ ಒರೆಸಿಕೊಳ್ಳುತ್ತ ಒಬ್ಬ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ನಡಿಗೆಯಲ್ಲಿ ಆಯಾಸವಿತ್ತು. ಆದರೆ ಬಲಗೈಯ ಎರಡು ಬೆರಳು ತೊಡೆಯ ಮೇಲೆ ಸುಮ್ಮನೆ ಕುಟುಕುತ್ತಿದ್ದವು. ಇಡೀ ಜನಗಣತಿ ಕಚೇರಿಯಲ್ಲಿ ಎರಡೇ ಬೆರಳಿನಿಂದ ಎಲ್ಲರಿಗಿಂತ ವೇಗವಾಗಿ ಕಾರ್ಡು ಹೊಡೆಯುತ್ತಿದ್ದವನು ಒಬ್ಬನೇ. ಅವನಿಗೆ ಮರಕುಟಿಗ ಎಂದು ಹೆಸರಿಟ್ಟವರು ಹೆಡ್‌ಮೇಡಂ ಅವರೇ.

ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತುಗಳು ಸಾಲು ತಪ್ಪಿದವು.

"ತನಿಖೆ ಮೇಡಂ," ಎಂದ ಮರಕುಟಿಗ, ಆಗ ತಾನಿಟ್ಟಿದ್ದ ಹೆಸರಿನಿಂದಲೇ. ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಕೂತಿತು. "ತಪ್ಪು ಹಿಡಿಯೋಕೆ ಯಾರೋ ಬಂದಿದಾರೆ ಅಂದ ತಕ್ಷಣ ನಿಮ್ಮ ನೆನಪೇ ಆಯ್ತು. ಬೇರೆ ಯಾರೂ ಫಲಕ ಓದಲ್ಲ."

"ಇದೇನ್ರೀ ಬರೆದಿದೀರಿ? ಪಕ್ಕದ ಮೇಜಲ್ಲೇ ಕೂತಿದ್ದೋರು ನೀವು. ಯಂತ್ರ ತಾನಾಗಿಯೇ ಹಿಡೀತಿದ್ರೆ ನಾವು ಹತ್ತು ಜನ ಅಲ್ಲಿ ನೊಣ ಹೊಡೀತಿದ್ವಾ?"

ಅವನು ನಕ್ಕ. ಆ ನಗು ಕಣ್ಣಿನವರೆಗೆ ಏರುವಷ್ಟರಲ್ಲಿ ದಣಿದುಹೋಯಿತು. "ತಪ್ಪು ಅಂತ ಗೊತ್ತಿದ್ದೇ ಬರೆದೆ. ನಿಮ್ಮ ಮೇಲಿನ ಮುನಿಸು ಅದು. ಮೂವತ್ತಾರು ವರ್ಷದ್ದು."

ಮೇಜಿನ ಖಾನೆಯಿಂದ ಹಳದಿಗಟ್ಟಿದ ಕಾರ್ಡೊಂದನ್ನು ತೆಗೆದು ಅವರ ಮುಂದಿಟ್ಟ. ಮೇಲಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮಸುಕಾದ ಮೂರು ಕನ್ನಡ ಪದಗಳಿದ್ದವು: 'ನನ್ನ ಕೈ ಹಿಡಿಯುತ್ತೀರಾ'. ಬಲ ಅಂಚಿನಲ್ಲಿ ಒಂದು ಕಚ್ಚು.

"ನಿಮ್ಮ ಕಟ್ಟಿನ ಕೊನೇಲಿ ಈ ಮಾತು ಬರೆದ ಹಾಳೆ, ಕಾರ್ಡು ಎರಡನ್ನೂ ಸೇರಿಸಿಟ್ಟಿದ್ದೆ. ಸಂಜೆ ವಾಪಸ್ ಬಂತು, ಕಚ್ಚು ಬಿದ್ದಿತ್ತು. ಕುಣಿದುಬಿಟ್ಟೆ. ಆಮೇಲೆ ಯೋಚನೆ ಹತ್ತಿಕೊಳ್ತು. ದಿನಕ್ಕೆ ಸಾವಿರ ಕಾರ್ಡು ನೋಡೋ ಹುಡುಗಿ. ಅಕ್ಷರ ನೋಡಿ, ಅರ್ಥ ನೋಡಬೇಡಿ ಅಂತ ಸೂಪರ್‌ವೈಸರ್ ಬೇರೆ ದಿನಾ ಪಾಠ ಹೇಳೋರು. ಓದದೇ ಒತ್ತಿರ್ತೀರಿ, ಒಪ್ಪಿದ್ದು ಯಂತ್ರ, ನೀವಲ್ಲ ಅನ್ನಿಸ್ತು. ನೀವಾಗಿ ಏನಾದ್ರೂ ಅಂತೀರೇನೋ ಅಂತ ಎರಡು ವಾರ ಕಾದೆ. ಕತ್ತೇ ಎತ್ತಲಿಲ್ಲ ನೀವು. ವರ್ಗ ಕೇಳ್ಕೊಂಡು ಹೋಗಿಬಿಟ್ಟೆ."

ಹೆಡ್‌ಮೇಡಂ ಈಗ ಕೂತರು.

"ಓದಿದ್ದೆ," ಎಂದರು. "ಒಂದೊಂದೇ ಅಕ್ಷರ ಓದಿ ಒತ್ತಿದೆ. ಒಂದು ಕೀ ತಪ್ಪಿದ್ರೂ ಕಚ್ಚು ಬೀಳಲ್ಲ, ನಾನು ಬೇಡ ಅಂದೆ ಅಂತ ನೀವು ಅನ್ಕೋತೀರಿ ಅಂತ ಪ್ರತಿ ಕೀಗೂ ಮುಂಚೆ ಹಾಳೆ ನೋಡ್ಕೊಂಡೆ. ಅದಕ್ಕಿಂತ ಗಟ್ಟಿಯಾಗಿ ಹೂಂ ಅನ್ನೋಕೆ ನನಗೆ ಬರ್ತಿರಲಿಲ್ಲ. ಉತ್ತರ ಕೊಟ್ಟಾಯ್ತು, ಇನ್ನು ನೀವು ಮನೆಗೆ ಬಂದು ಅಪ್ಪನ ಹತ್ರ ಮಾತಾಡ್ತೀರಿ ಅಂತ ಕಾದೆ. ನಿಮ್ಮ ಕುರ್ಚಿ ಖಾಲಿ ಆಯ್ತು. ತಮಾಷೆ ಮಾಡಿದ್ರಿ ಅನ್ಕೊಂಡೆ."

ಅಪರಾಧಿ ಎಂದು ನಂಬಿದ್ದವನೂ ತನ್ನಂತೆಯೇ ಕಾದವನೆಂದು ತಿಳಿದ ಮೇಲೆ ಸಿಟ್ಟಿಗೆ ನಿಲ್ಲಲು ನೆಲವಿಲ್ಲ. ಉಳಿಯುವುದು ಅಷ್ಟು ವರ್ಷ ಅದನ್ನು ಹೊತ್ತ ಹೆಗಲಿನ ನೋವು ಮಾತ್ರ. ಅವರು ಮೆಲ್ಲನೆ ಚಪ್ಪಲಿ ಕಳಚಿ, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿದರು.

"ಮನೇಲಿ ಯಾರಿದಾರೆ?" ಎಂದು ಕೇಳಿದ ಅವನು.

"ಅಣ್ಣನ ಮಕ್ಕಳನ್ನ ಸಾಕಿದೆ. ರೆಕ್ಕೆ ಬಲಿತು ಹಾರಿಹೋದ್ವು. ನಿಮ್ಮನೇಲಿ?"

"ಅಮ್ಮ ಹೆಣ್ಣು ತೋರಿಸಿ ತೋರಿಸಿ ಸೋತ್ಲು. ಆಮೇಲೆ ಈ ಯಂತ್ರಗಳು ಗಂಟುಬಿದ್ವು. ಕೆಟ್ಟರೆ ಸುಮ್ಮನೆ ಕೂರ್ತವೆ, ಮುನಿಸಿಕೊಳ್ಳಲ್ಲ."

"ಮುನಿಸಿಕೊಳ್ಳೋಕೆ ನೀವೊಬ್ಬರೇ ಸಾಕಲ್ಲ."

ಅವನು ತಲೆ ತಗ್ಗಿಸಿ ನಕ್ಕ. ಆಮೇಲೆ ಪೆಟ್ಟಿಗೆಯಿಂದ ತೂತಿಲ್ಲದ ಹೊಸ ಕಾರ್ಡೊಂದನ್ನು ಎಳೆದ. "ಇನ್ನೊಂದು ಹೊಡೀಲಾ?"

ಹೆಡ್‌ಮೇಡಂ ಕಾರ್ಡಿನ ಮೇಲೆ ಅಂಗೈ ಇಟ್ಟರು. "ಅದರಿಂದ ಆಗಿದ್ದು ಸಾಕು. ಬಾಯಿ ಇದೆಯಲ್ಲ, ಕೇಳಿ."

ಕುಟುಕುತ್ತಿದ್ದ ಬೆರಳುಗಳು ನಿಂತವು.

"ನನ್ನ ಕೈ ಹಿಡೀತೀರಾ?"

"ಮೊದಲು ಫಲಕ ತಿದ್ದಿ."

ಅವನು ಫಲಕವನ್ನು ಗೋಡೆಯಿಂದ ಇಳಿಸಿ, ಎರಡನೆಯ ಸಾಲನ್ನು ಹೊಡೆದುಹಾಕಿ ಬರೆದ: 'ತಪ್ಪುಗಳನ್ನು ಈ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಪತ್ತೆ ಹಚ್ಚುತ್ತಿದ್ದರು. ಅವರು ಓದುತ್ತಲೂ ಇದ್ದರು.'

ಹೆಡ್‌ಮೇಡಂ ಅದನ್ನು ಹೋಮ್‌ವರ್ಕ್ ತಿದ್ದುವವರಂತೆ ಎರಡು ಸಲ ಓದಿದರು. ಕೊನೆಯ ವಾಕ್ಯದ ಬಳಿ ಕಣ್ಣು ತುಸು ಹೊತ್ತು ನಿಂತಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

"ಎರಡು ಗಂಟೆಗೆ ತರಬೇತಿ ಇದೆ. ತಪ್ಪಿಸೋಳಲ್ಲ ನಾನು. ಐದಕ್ಕೆ ಬಿಡ್ತಾರೆ, ಗೇಟಿನ ಹತ್ರ ಬಂದು ನಿಂತಿರಿ. ಈ ಸಲ ಯೋಚನೆ ಮಾಡೋಕೆ ಹೋಗಬೇಡಿ."

"ಉತ್ತರ?"

ಎಣ್ಣೆ ಮೆತ್ತಿದ್ದ ಆ ಕೈಯನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು. "ಹೂಂ."

ಅವನು ಕೈ ಬಿಡಲಿಲ್ಲ. "ಇನ್ನೊಂದು ಸಲ ಹೇಳಿ, ಮೇಡಂ. ಎರಡು ಸಲದ್ದೂ ತಾಳೆಯಾದ್ರೆ ತಾನೇ ಸರಿ ಅನ್ನೋದು."

ಆ ನಿಯಮವನ್ನು ಎರಡು ವರ್ಷ ಪಾಲಿಸಿದವರು ಅವರು. ಅವನ ಕಣ್ಣನ್ನು ನೇರವಾಗಿ ನೋಡಿ, ಪ್ರತಿ ಅಕ್ಷರವೂ ಕೇಳುವಂತೆ ಹೇಳಿದರು.

"ಹಿಡೀತೀನಿ."